ಕಬ್ಬಿಗ ಕಬ್ಬಾದ ರಾತ್ರಿ

ನಾನು ಮೈಸೂರಿನಲ್ಲಿ ಪ್ರೂಫ್ ನೋಡುವವಳು. ಈ ಕೆಲಸಕ್ಕೆ ಕೂತು 16 ವರ್ಷ ಆಯಿತು. ಕವನ ಸಂಕಲನ, ಪಿಎಚ್‌ಡಿ ಪ್ರಬಂಧ, ಅಭಿನಂದನಾ ಗ್ರಂಥ, ಪರೀಕ್ಷೆ ಗೈಡು, ಒಂದೊಂದು ಸಲ ಮದುವೆ ಕಾಗದ ಕೂಡ ಬರುತ್ತದೆ. ಸರಸ್ವತಿಪುರಂನ ಬಾಡಿಗೆ ಮನೆಯ ಊಟದ ಮೇಜೇ ನನ್ನ ಆಫೀಸು.

ಬೆಳಗ್ಗೆ ಎಂಟರ ತನಕ ನನಗೆ ಮಂಕು ಕವಿದ ಹಾಗೇ ಇರುತ್ತದೆ. ಹಾಲಿನ ಪ್ಯಾಕೆಟ್ ಕತ್ತರಿಸಿ, ಹಾಲನ್ನು ಸಿಂಕಿಗೆ ಸುರಿದು, ಖಾಲಿ ಪ್ಯಾಕೆಟನ್ನು ಪಾತ್ರೆಗೆ ಹಾಕಿ ಸ್ಟವ್ ಮೇಲೆ ಇಟ್ಟದ್ದೂ ಉಂಟು. ಅದೇ ನಾನು ರಾತ್ರಿ ಹತ್ತಾದ ಮೇಲೆ ಬೇರೆಯೇ ಹೆಂಗಸು. ಊಟ ಆಗಿ, ಪಾತ್ರೆ ತೊಳೆದು, ಎಲ್ಲರೂ ಮಲಗಿದ ಮೇಲೆ ಕೆಂಪು ಪೆನ್ನು ಹಿಡಿದು ಕೂತರೆ ಮಹಾಪ್ರಾಣ ಬಿಟ್ಟುಹೋದ ಅಕ್ಷರಗಳು ತಾವಾಗೇ ಎದ್ದು ನಿಂತು ಕೈಬೀಸುತ್ತವೆ. ನಮ್ಮ ಅತ್ತೆ ಮದ್ದೂರಿನ ಕಡೆಯವರು, ನಾಲ್ಕೂವರೆಗೆ ಎದ್ದು ಬಾಗಿಲಿಗೆ ನೀರು ಹಾಕುವವರು. ಅವರು ಹೇಳುವುದು ಹೀಗೆ: "ದೀಪ ಹಚ್ಚೋ ಹೊತ್ತಿಗೆ ಆಕಳಿಸ್ತೀಯ, ದೀಪ ಆರಿಸೋ ಹೊತ್ತಿಗೆ ಕಣ್ ಬಿಡ್ತೀಯ, ಅದೇನು ಜೀವ ಕಣಮ್ಮ ನಿಂದು!"

ಇದನ್ನು ನಾನು ಬಹಳ ವರ್ಷ ಸೋಮಾರಿತನ ಅಂತಲೇ ನಂಬಿದ್ದೆ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದೆ ಅಂತ ಸ್ಕೂಲಿನಿಂದ ಕೇಳಿಕೊಂಡು ಬಂದವಳು ನಾನು. ಸೂರ್ಯ ಹುಟ್ಟುವ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುವ ಹೊತ್ತು ಅದು, ನಮ್ಮೂರಿನಲ್ಲಿ ನಾಲ್ಕೂವರೆ ಐದರ ಆಸುಪಾಸು. ಎಸ್ಸೆಸ್ಸೆಲ್ಸಿಯಲ್ಲಿ ಅಪ್ಪ ಆ ಹೊತ್ತಿಗೆ ಎಬ್ಬಿಸಿ ಕೂರಿಸುತ್ತಿದ್ದರು. ಪುಸ್ತಕ ತೆರೆದೇ ಇರುತ್ತಿತ್ತು, ನಾನು ಅದರ ಮೇಲೆ ಮಲಗಿರುತ್ತಿದ್ದೆ.

ಮೂರು ವರ್ಷದ ಹಿಂದೆ ಒಂದು ಸಂಘದ ಸ್ಮರಣ ಸಂಚಿಕೆಯ ಪ್ರೂಫ್ ಬೆಳಗ್ಗೆ ಒಂಬತ್ತಕ್ಕೆ ನೋಡಿ ಕಳಿಸಿದೆ. ಅಚ್ಚಾಗಿ ಬಂದಾಗ ಅಧ್ಯಕ್ಷರ ಫೋಟೋ ಕೆಳಗೆ "ಸಂಘಕ್ಕೆ ಉದಾರವಾಗಿ ದನಸಹಾಯ ಮಾಡಿದ ಮಹನೀಯರು" ಅಂತ ಇತ್ತು. ಧ ಹೋಗಿ ದ ಆಗಿತ್ತು. ಊರೆಲ್ಲ ನಕ್ಕಿತು, ಅಧ್ಯಕ್ಷರು ಮಾತ್ರ ನಗಲಿಲ್ಲ. ಆವತ್ತೇ ತೀರ್ಮಾನ ಮಾಡಿದೆ, ಯಾವ ಹೊತ್ತಿನಲ್ಲಿ ನನ್ನ ಕಣ್ಣು ಸರಿಯಾಗಿ ಕೆಲಸ ಮಾಡುತ್ತದೆ ಅಂತ ಸುಮ್ನೆ ಅಂದಾಜಿನಲ್ಲಿ ಹೇಳುವುದು ಬೇಡ, ಲೆಕ್ಕ ಇಡೋಣ ಅಂತ.

ನಮ್ಮ ಕೆಲಸದಲ್ಲಿ ಲೆಕ್ಕ ಇಡುವುದು ಸುಲಭ. ಪುಸ್ತಕ ಫಾರಂ ಲೆಕ್ಕದಲ್ಲಿ ಬರುತ್ತದೆ, ಒಂದು ಫಾರಂ ಅಂದರೆ 16 ಪುಟ. ನಾನು ಮೊದಲ ಪ್ರೂಫ್ ನೋಡಿದ ಮೇಲೆ ಎರಡನೇ ಪ್ರೂಫನ್ನು ಇನ್ನೊಬ್ಬರು ನೋಡುತ್ತಾರೆ, ಅವರು ಹಿಡಿದದ್ದೆಲ್ಲ ನಾನು ಬಿಟ್ಟದ್ದು. ಅಷ್ಟೇ. ಪ್ರತಿ ಫಾರಂನ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದೆ ಅನ್ನುವುದನ್ನು ಬರೆಯುತ್ತಾ ಹೋದೆ. ಮೂರು ತಿಂಗಳಲ್ಲಿ 60ಕ್ಕೂ ಜಾಸ್ತಿ ಫಾರಂ ಆಯಿತು.

ಬೆಳಗ್ಗೆ ಎಂಟರಿಂದ ಹತ್ತರೊಳಗೆ ನೋಡಿದ ಫಾರಂಗಳಲ್ಲಿ ಸರಾಸರಿ ಏಳೆಂಟು ತಪ್ಪು ಬಿಟ್ಟಿದ್ದೆ. ಹನ್ನೊಂದರ ಮೇಲೆ ನಾಲ್ಕೈದಕ್ಕೆ ಇಳಿಯಿತು. ಮಧ್ಯಾಹ್ನ ಮುದ್ದೆ ಉಂಡ ಮೇಲಿನದನ್ನು ಹೇಳಲೇಬಾರದು. ರಾತ್ರಿ ಹತ್ತರಿಂದ ಹನ್ನೆರಡೂವರೆ ತನಕ ನೋಡಿದವುಗಳಲ್ಲಿ ಎರಡು, ಹೆಚ್ಚೆಂದರೆ ಮೂರು.

ಖುಷಿಯಾಯಿತು. ಅತ್ತೆಗೆ ತೋರಿಸಿದೆ ಕೂಡ. ಅವರು ಕನ್ನಡಕ ಏರಿಸಿ ನೋಡಿ, "ರಾತ್ರಿ ಮನೇಲಿ ಯಾರೂ ನಿನ್ನ ಕೂಗಲ್ವಲ್ಲ, ಅದಕ್ಕೆ" ಅಂದರು.

ಏನೋ ಮಾತಿಗೆ ಅಂದದ್ದು, ಆದರೆ ಸರಿಯಾದ ಪ್ರಶ್ನೆ ಅದು. ಬೆಳಗ್ಗೆ ಕುಕ್ಕರ್ ಕೂಗುತ್ತದೆ, ಕೊರಿಯರ್‌ನವನು ಬರುತ್ತಾನೆ, ಮಗಳಿಗೆ ಸಾಕ್ಸ್ ಸಿಗುವುದಿಲ್ಲ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಹುಡುಗ ಫೋನ್ ಮಾಡಿ "ಮೇಡಂ, 43ನೇ ಪುಟದಲ್ಲಿ ನೀವು ಹಾಕಿರೋ ಕರೆಕ್ಷನ್ ಏನು ಅಂತ ಅರ್ಥ ಆಗ್ತಿಲ್ಲ" ಅನ್ನುತ್ತಾನೆ. ರಾತ್ರಿ ಇದ್ಯಾವುದೂ ಇಲ್ಲ, ಬಾಲ್ಕನಿಯಿಂದ ನೋಡಿದರೆ ಚಾಮುಂಡಿ ಬೆಟ್ಟದ ದೀಪ, ದೂರದಲ್ಲಿ ರೈಲಿನ ಕೂಗು, ಅಷ್ಟೇ. ಹಾಗಾದರೆ ಚುರುಕಾಗುವುದು ನನ್ನ ತಲೆಯೋ ಅಥವಾ ಮನೆ ತಣ್ಣಗಾಗುವುದೋ?

ಇದು ಗೊತ್ತಾಗಿದ್ದು ಆ ವರ್ಷದ ಬೇಸಿಗೆ ರಜೆಯಲ್ಲಿ. ಎಲ್ಲರೂ ಹತ್ತು ದಿನ ಮದ್ದೂರಿಗೆ ಹೋದರು, ಕೆಲಸವಿದೆ ಅಂತ ನಾನೊಬ್ಬಳೇ ಉಳಿದೆ. ಫೋನ್ ಬೀರುವಿನಲ್ಲಿಟ್ಟು ಬೆಳಗ್ಗೆ ಎಂಟಕ್ಕೇ ಕೂತೆ. ಮನೆ ಅಂದರೆ ರಾತ್ರಿಗಿಂತ ಮೌನ. ಬಿಟ್ಟ ತಪ್ಪು ಏಳೆಂಟರಿಂದ ಐದಕ್ಕೆ ಇಳಿಯಿತು. ಎರಡಕ್ಕೆ ಇಳಿಯಲಿಲ್ಲ! ಅಂದರೆ ಅತ್ತೆ ಹೇಳಿದ್ದು ಅರ್ಧ ನಿಜ. ಮೌನದಿಂದ ಲಾಭವಿದೆ, ಆದರೆ ಅದಷ್ಟೇ ಅಲ್ಲ. ಇನ್ನೊಂದು ಅರ್ಧಕ್ಕೆ ನಾನು ಓದಬೇಕಾಯಿತು.

ನಮ್ಮ ಮೆದುಳಿನಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಅದೇ ಮೈಯ ಗಡಿಯಾರ. ಅದಕ್ಕೆ ಒಂದು ದಿನ ಅಂದರೆ ಸರಿಯಾಗಿ 24 ಗಂಟೆ ಅಲ್ಲ, ಸರಾಸರಿ ತೆಗೆದರೆ 24 ಗಂಟೆಯ ಮೇಲೆ ಹತ್ತು ನಿಮಿಷದಷ್ಟು ಜಾಸ್ತಿ. ಕೆಲವರದ್ದು ಇನ್ನೂ ನಿಧಾನ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ದಿನಾ ತನ್ನ ಮುಳ್ಳು ಸರಿಮಾಡಿಕೊಳ್ಳುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಬಾಳೆಹಣ್ಣಿನ ಮೇಲೆ ಕೂರುತ್ತದಲ್ಲ, ಅದೇ ಸಣ್ಣ ನೊಣ.

ಅದರ ಜೊತೆಗೆ ಇನ್ನೊಂದು ಲೆಕ್ಕ ನಡೆಯುತ್ತಿರುತ್ತದೆ. ಎದ್ದ ಕ್ಷಣದಿಂದ ಅಡೆನೊಸಿನ್ ಅನ್ನುವ ವಸ್ತು ಮೆದುಳಿನಲ್ಲಿ ಸೇರುತ್ತಾ ಹೋಗುತ್ತದೆ, ಜಾಸ್ತಿಯಾದಷ್ಟೂ ನಿದ್ದೆ ಎಳೆಯುತ್ತದೆ. ಹಾಗಿದ್ದರೆ ರಾತ್ರಿ ಹತ್ತಕ್ಕೆ ಎಲ್ಲರಿಗೂ ತೂಕಡಿಕೆ ಬರಬೇಕಲ್ವಾ? ಇಲ್ಲೇ ಇರುವುದು ಸ್ವಾರಸ್ಯ. ಒಂದು ಕಡೆ ನಿದ್ದೆ ಎಳೆಯುತ್ತಿದ್ದರೆ ಇನ್ನೊಂದು ಕಡೆ ಗಡಿಯಾರ ಎಚ್ಚರದ ಕಡೆಗೆ ತಳ್ಳುತ್ತಿರುತ್ತದೆ, ಆ ತಳ್ಳುವಿಕೆ ಅತಿ ಜೋರಾಗಿರುವುದು ಬೆಳಗ್ಗೆ ಅಲ್ಲ, ನಾವು ದಿನಾ ಮಲಗುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು. ಒಂಬತ್ತಕ್ಕೆ ಮಲಗುವ ಅತ್ತೆಗೆ ಅದು ಸಂಜೆ ಆರೇಳರ ಹೊತ್ತು, ಅವರು ಹೂ ಕಟ್ಟುತ್ತಾ ಬೀದಿಯವರನ್ನೆಲ್ಲ ಮಾತಾಡಿಸುವ ಹೊತ್ತು. ಒಂದಕ್ಕೆ ಮಲಗುವ ನನಗೆ ಅದೇ ಹತ್ತು ಹನ್ನೊಂದು ಗಂಟೆಗೆ ಬರುತ್ತದೆ.

1976ರಲ್ಲಿ ಹಾರ್ನ್ ಮತ್ತು ಓಸ್ಟ್‌ಬರ್ಗ್ ಅನ್ನುವವರು ಮಾಡಿದ 19 ಪ್ರಶ್ನೆಗಳ ಪಟ್ಟಿ ಇದೆ. 16ರಿಂದ 86ರ ತನಕ ಅಂಕ, 41ಕ್ಕಿಂತ ಮೇಲೆ ಹೋಗದಿದ್ದರೆ ನೀವು ರಾತ್ರಿಯ ಕಡೆಯವರು. ನನಗೆ 36 ಬಂತು. ನಮ್ಮೆಜಮಾನರಿಗೆ 63. ಹದಿನಾರರ ಮಗಳಿಗೆ ನನಗಿಂತ ಕಮ್ಮಿ ಬಂದದ್ದು ನೋಡಿ ಅತ್ತೆ ನನ್ನ ಮುಖ ನೋಡಿದರು. ಈ ಗುಣದಲ್ಲಿ ವಂಶದ ಪಾಲು ಇರುವುದು ನಿಜ, ಆದರೆ ಹದಿಹರೆಯದಲ್ಲಿ ಎಲ್ಲ ಮಕ್ಕಳ ಗಡಿಯಾರವೂ ತಡವಾಗುತ್ತದೆ, ಇಪ್ಪತ್ತರ ಆಸುಪಾಸಿನಿಂದ ಮತ್ತೆ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಬೆಳಗ್ಗೆ ಆರಕ್ಕೆ ಟ್ಯೂಷನ್ ಇಡುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಇಷ್ಟಾದ ಮೇಲೆ ನನಗೆ ಕೊಂಬು ಬಂತು. ರಾತ್ರಿ ನನ್ನ ರಾಜ್ಯ ಅಂತ ಒಂದಕ್ಕೆ ನಿಲ್ಲಿಸುತ್ತಿದ್ದವಳು ಎರಡು, ಎರಡೂವರೆ ತನಕ ಕೂರತೊಡಗಿದೆ. ಆ ಹೊತ್ತಿನಲ್ಲಿ ಒಂಥರಾ ಹುಮ್ಮಸ್ಸು ಇರುತ್ತದೆ, ಅನುಭವಿಸಿದವರಿಗೇ ಗೊತ್ತು. ಪುಟಗಳು ಸರಸರ ಓಡುತ್ತವೆ, ನನ್ನಷ್ಟು ಕನ್ನಡ ಬಲ್ಲವರು ಯಾರೂ ಇಲ್ಲ ಅನಿಸುತ್ತದೆ.

ಅಂಥ ಒಂದು ರಾತ್ರಿ ಮಂಡ್ಯದ ಹಿರಿಯ ಕವಿಯೊಬ್ಬರ ಸಂಕಲನ ಮುಂದಿತ್ತು. ಅವರು ಒಂದು ಪದ್ಯದಲ್ಲಿ "ಕಬ್ಬಿಗನ ಮನೆ" ಅಂತ ಬರೆದಿದ್ದರು. ಕಬ್ಬಿಗ ಅಂದರೆ ಕವಿ ಅಂತ ನನಗೆ ಗೊತ್ತಿಲ್ಲದ ಮಾತೇ? ಆದರೆ ಎರಡೂವರೆ ಗಂಟೆಯ ನನಗೆ ಅದು ಡಿಟಿಪಿ ತಪ್ಪು ಅನಿಸಿತು. ಮಂಡ್ಯದವರು, ಕಬ್ಬು, ಆಲೆಮನೆ, ಎಲ್ಲ ತಾಳೆಯಾಯಿತು! ಕೆಂಪು ಪೆನ್ನಿನಲ್ಲಿ ಗ ಹೊಡೆದು "ಕಬ್ಬಿನ ಮನೆ" ಮಾಡಿದೆ. ಒಂದು ಕಡೆ ಅಲ್ಲ, ಆ ಪದ್ಯದಲ್ಲಿ ಐದು ಕಡೆ. ಮೇಲಿಂದ ಅಂಚಿನಲ್ಲಿ "ಎಲ್ಲ ಕಡೆ ಹೀಗೇ ಮಾಡಿ" ಅಂತ ಡಿಟಿಪಿ ಹುಡುಗನಿಗೆ ಅಪ್ಪಣೆ ಬೇರೆ. ಎರಡನೇ ಪ್ರೂಫಿಗೆ ಅದು ಕವಿಯ ಕೈಗೇ ಹೋಯಿತು. ಅವರು ಫೋನ್ ಮಾಡಿ ಬಹಳ ಮೆತ್ತಗೆ ಕೇಳಿದರು: "ಏನ್ ತಾಯಿ, ನನ್ನನ್ನ ಗಾಣಕ್ಕೆ ಕೊಟ್ಟುಬಿಟ್ರಲ್ಲ?"

ನಾಚಿಕೆಯಿಂದ ಹಳೇ ಫಾರಂಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಒಂದೂವರೆ ದಾಟಿದ ಮೇಲೆ ಮುಗಿಸಿದವುಗಳಲ್ಲಿ ಬಿಟ್ಟ ತಪ್ಪು ಆರರ ತನಕ ಏರಿತ್ತು. ಅದಕ್ಕಿಂತ ಕೆಟ್ಟದ್ದು ಅಂದರೆ, ಸರಿಯಾಗಿದ್ದ ಪದವನ್ನು ನಾನೇ ತಿದ್ದಿ ಕೆಡಿಸಿದ್ದು. ಅಂಥವು ಬೆಳಗಿನ ಫಾರಂಗಳಲ್ಲಿ ಇರಲೇ ಇಲ್ಲ! ಬೆಳಗಿನ ನಾನು ಮಂಕು, ಆದರೆ ನನ್ನ ಮೇಲೆ ನನಗೇ ಅನುಮಾನ ಇರುತ್ತದೆ, ನಿಘಂಟು ತೆಗೆಯುತ್ತೇನೆ. ಎರಡೂವರೆಯ ನಾನು ನಿಘಂಟನ್ನು ಮುಟ್ಟುವವಳಲ್ಲ.

ಆವತ್ತು ಎದ್ದದ್ದು ಆರೂಮುಕ್ಕಾಲಿಗೆ. ಎರಡೂವರೆಗೆ ಹೆಚ್ಚುಕಡಿಮೆ 20 ಗಂಟೆ ಎಚ್ಚರವಿದ್ದೆ. 17ರಿಂದ 19 ಗಂಟೆ ನಿದ್ದೆಯಿಲ್ಲದೆ ಇದ್ದವರು ಕೆಲವು ಪರೀಕ್ಷೆಗಳಲ್ಲಿ, ರಕ್ತದಲ್ಲಿ 0.05% ಮದ್ಯ ಇರುವವರಷ್ಟೇ ಅಥವಾ ಅದಕ್ಕಿಂತ ಕೆಟ್ಟದಾಗಿ ಮಾಡುತ್ತಾರೆ ಅಂತ 2000ದಲ್ಲಿ ಬಂದ ಒಂದು ಅಧ್ಯಯನ ತೋರಿಸಿದೆ. ನಮ್ಮಲ್ಲಿ ಗಾಡಿ ಓಡಿಸಲು ಇರುವ ಮಿತಿಯೇ 0.03%. ಅಂದರೆ ಟ್ರಾಫಿಕ್ ಪೊಲೀಸರು ಹಿಡಿಯುವ ಸ್ಥಿತಿಯಲ್ಲಿ ನಾನು ಕವಿತೆ ತಿದ್ದಿದ್ದೆ.

ಈಗ ಹೇಗೆ ಮಾಡಿಕೊಂಡಿದ್ದೇನೆ ಅಂದರೆ, ಮೊದಲು ನಿದ್ದೆ. ನನ್ನ ಬೆಳಗಿನ ಮಂಕಿನಲ್ಲಿ ದೊಡ್ಡ ಪಾಲು ಐದೂವರೆ ಗಂಟೆ ಮಾತ್ರ ಮಲಗುತ್ತಿದ್ದುದರದ್ದು, ಮೂಲೆಯಲ್ಲಿ ಬರೆದಿಟ್ಟ ಪೆನ್ಸಿಲ್ ಲೆಕ್ಕವೇ ಅದನ್ನು ಹೇಳಿತು. ಏಳು ಗಂಟೆ ಮಲಗಿದ ಮರುದಿನ ಬೆಳಗಿನ ತಪ್ಪು ಕಮ್ಮಿ ಇರುತ್ತಿತ್ತು. ಬೆಳಗಿನ ಡಬ್ಬಿ ಕೆಲಸ ಈಗ ಯಜಮಾನರದ್ದು, ಅವರು ಹೇಗೂ ಐದೂವರೆಗೆ ಎದ್ದು ಪೇಪರ್ ಕಾಯುವವರು. ರಾತ್ರಿಯ ಅಡುಗೆಮನೆ ಪೂರ್ತಿ ನನ್ನದು. ಅತ್ತೆ ಇದಕ್ಕೆ ಒಪ್ಪಲು ಎರಡು ತಿಂಗಳು ಹಿಡಿಯಿತು, ಮಗ ಮಾಡಿದ ಉಪ್ಪಿಟ್ಟು ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಆ ಮಾತು ಎತ್ತಿಲ್ಲ.

ಕಾಫಿ ಸಂಜೆ ನಾಲ್ಕಕ್ಕೆ ಕೊನೆ. ಮೊದಲು ಒಂಬತ್ತಕ್ಕೆ ಒಂದು ಲೋಟ ಫಿಲ್ಟರ್ ಕಾಫಿ ಕುಡಿದು ಕೂರುತ್ತಿದ್ದೆ. ಕಾಫಿ ಅಡೆನೊಸಿನ್ನನ್ನು ಕಳೆಯುವುದಿಲ್ಲ, ಅದು ಕೂರುವ ಜಾಗದಲ್ಲಿ ತಾನು ಕೂತು ತಡೆಯುತ್ತದೆ ಅಷ್ಟೇ. ಕುಡಿದದ್ದರಲ್ಲಿ ಅರ್ಧ ಇಳಿಯುವುದಕ್ಕೆ ಸುಮಾರು ಐದು ಗಂಟೆ ಬೇಕು. ಮಧ್ಯರಾತ್ರಿಯ ನನ್ನ ಹುಮ್ಮಸ್ಸಿನಲ್ಲಿ ಎಷ್ಟು ನನ್ನದು, ಎಷ್ಟು ಚಿಕ್ಕಮಗಳೂರಿನ ಬೀಜದ್ದು ಅಂತ ಆಗ ಗೊತ್ತಾಯಿತು.

ಆಮೇಲೆ ಬೆಳಕು. ಎದ್ದ ಮೇಲೆ ಕುಕ್ಕರಹಳ್ಳಿ ಕೆರೆಗೆ ಹೋಗಿ ಅರ್ಧ ಗಂಟೆ ನಡೆಯುತ್ತೇನೆ, ವ್ಯಾಯಾಮಕ್ಕಿಂತ ಜಾಸ್ತಿ ಬೆಳಕಿಗಾಗಿ. ರಾತ್ರಿ ಹತ್ತರ ಮೇಲೆ ಟ್ಯೂಬ್‌ಲೈಟ್ ಆರಿಸಿ, ಕಾಗದದ ಮೇಲೆ ಮಾತ್ರ ಬೀಳುವ ಹಳದಿ ಟೇಬಲ್ ಲ್ಯಾಂಪ್. ಅಮೆರಿಕದ ಕೊಲೊರಾಡೊದಲ್ಲಿ ಎಂಟು ಜನರನ್ನು ಒಂದು ವಾರ ಬೆಟ್ಟಗಳಲ್ಲಿ ಟೆಂಟು ಹಾಕಿಸಿ, ಕರೆಂಟು ದೀಪವೇ ಇಲ್ಲದ ಹಾಗೆ ಇಟ್ಟಿದ್ದರು. 2013ರಲ್ಲಿ ಪ್ರಕಟವಾದದ್ದು. ಅವರ ಗಡಿಯಾರ ಸುಮಾರು ಎರಡು ಗಂಟೆ ಹಿಂದಕ್ಕೆ, ಅಂದರೆ ಬೇಗ ಮಲಗಿ ಬೇಗ ಏಳುವ ಕಡೆಗೆ ಬಂತು, ರಾತ್ರಿಯ ಕಡೆಯವರದ್ದು ಇನ್ನೂ ಜಾಸ್ತಿ. ನನಗೆ ಟೆಂಟಿಲ್ಲ, ಕೆರೆ ಏರಿ ಇದೆ. ಎರಡು ತಿಂಗಳಿಗೆ ಮುಕ್ಕಾಲು ಗಂಟೆ ಹಿಂದಕ್ಕೆ ಬಂದೆ, ಅದಕ್ಕಿಂತ ಮುಂದೆ ಎಷ್ಟು ನಡೆದರೂ ಬಗ್ಗಲಿಲ್ಲ. ಅತ್ತೆಯಷ್ಟು ಬೇಗ ಏಳುವವಳು ನಾನು ಈ ಜನ್ಮದಲ್ಲಿ ಆಗುವುದಿಲ್ಲ, ಅದನ್ನು ಬಿಟ್ಟಿದ್ದೇನೆ.

ಹೊಸ ಫಾರಂ, ಕವಿತೆ, ಹಳಗನ್ನಡ ಇರುವ ಪ್ರಬಂಧ ಎಲ್ಲ ರಾತ್ರಿ ಹತ್ತರ ಮೇಲೆ. ಪುಟಸಂಖ್ಯೆ, ಪರಿವಿಡಿ ತಾಳೆ ನೋಡುವುದು, ಬಿಲ್ಲು, ಫೋನು ಎಲ್ಲ ಹಗಲಿಗೆ. ಹನ್ನೆರಡೂಮುಕ್ಕಾಲಿಗೆ ಮೊಬೈಲ್ ಕೂಗುತ್ತದೆ. ಆಮೇಲೆ ಕೆಂಪು ಪೆನ್ನು ಡ್ರಾಯರಿಗೆ. ಹಿಡಿದ ಪುಟ ಮುಗಿಸಲೇಬೇಕು ಅನಿಸಿದರೆ ಪೆನ್ಸಿಲ್ ಮಾತ್ರ, ಅದೂ ಅನುಮಾನ ಬಂದ ಕಡೆ ಅಂಚಿನಲ್ಲಿ ಒಂದು ಪ್ರಶ್ನೆ ಗುರುತು, ತಿದ್ದುವ ಹಾಗಿಲ್ಲ.

ಮೊನ್ನೆ ಹಾಗೇ ಒಂದೂಹತ್ತಕ್ಕೆ ಒಂದು ಪುಟದಲ್ಲಿ ಮೂರು ಪ್ರಶ್ನೆ ಗುರುತು ಹಾಕಿ ಮಲಗಿದೆ. ಬೆಳಗ್ಗೆ ಹನ್ನೊಂದಕ್ಕೆ ನಿಘಂಟು ಇಟ್ಟುಕೊಂಡು ನೋಡಿದರೆ ಒಂದು ನಿಜವಾಗಿಯೂ ತಪ್ಪು. ಇನ್ನೆರಡು ಸರಿಯಾಗೇ ಇದ್ದವು, ರಬ್ಬರ್ ತಗೊಂಡು ಅಳಿಸಿದೆ.