ಕಳೆಗೆ ಮದ್ದು ಹೊಡೆದೆ, ಕರಿ ಹುಳ ಕಾಣೆಯಾಯಿತು

ನಮ್ಮದು ಸಿದ್ದಾಪುರದ ಹತ್ತಿರ ರೋಬಸ್ಟಾ ಕಾಫಿ ತೋಟ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳು. ಕೆಲಸಕ್ಕೆ ಜನ ಸಿಗದ ಒಂದು ವರ್ಷ ಇಡೀ ತೋಟಕ್ಕೆ ಕಳೆ ಸಾಯಿಸುವ ಗ್ಲೈಫೋಸೇಟ್ ಮದ್ದು ಹೊಡೆಸಿದೆ. ಸ್ವಲ್ಪ ದಿನ ಬಿಟ್ಟು, ಗಿಡದ ಬುಡ ಬಿಡಿಸುತ್ತಿದ್ದ ಅಕ್ಕ ಒಬ್ಬರು, "ಅಣ್ಣಾ, ತರಗೆಲೆ ಕೆದಕಿದ್ರೆ ಓಡ್ತಿತ್ತಲ್ಲ ಕರಿ ಹುಳ, ಈಗ ಒಂದೂ ಕಾಣ್ತಿಲ್ಲ ಅಲ್ವಾ?" ಅಂದರು.

ಅವು ನೆಲದ ಜೀರುಂಡೆಗಳು. ಹಗಲು ಎಲೆಯಡಿ ಅಡಗಿ, ರಾತ್ರಿ ಬೇಟೆಗೆ ಹೊರಡುತ್ತವೆ. ಕಂಬಳಿಹುಳ, ಬಸವನಹುಳು ತಿನ್ನುವ ಜಾತಿಗಳಿವೆ, ಕಳೆಯ ಬೀಜ ತಿನ್ನುವವೂ ಇವೆ. ನಮಗೆ ಹುಳ ಅಂದ ಕೂಡಲೇ ಕಾಯಿಕೊರಕ, ಕಾಂಡಕೊರಕ ನೆನಪಾಗುತ್ತವೆ. ಅವೂ ಜೀರುಂಡೆಗಳೇ ನಿಜ, ಆದರೆ ಈ ಕರಿ ಹುಳಗಳು ಕಾಫಿಯ ತಂಟೆಗೆ ಬರುವವಲ್ಲ.

ಮುಂದಿನ ವರ್ಷ ಮಳೆ ಕಡಿಮೆಯಾದ ಮೇಲೆ ಒಂದು ಪಟ್ಟಿಗೆ ಮಾತ್ರ ಮದ್ದು ಹೊಡೆಸಿ, ಪಕ್ಕದ ಪಟ್ಟಿಯಲ್ಲಿ ಮೆಷಿನ್‌ನಿಂದ ಕಳೆ ಕತ್ತರಿಸಿ ಅಲ್ಲೇ ಬಿಟ್ಟೆ. ಓಡಾಡುವ ಹುಳ ಒಳಗೆ ಬಿದ್ದರೆ ಲೆಕ್ಕ ಸಿಗಲಿ ಅಂತ ಎರಡೂ ಕಡೆ ಪ್ಲಾಸ್ಟಿಕ್ ಲೋಟ ಹೂತೆ. ಲೋಟದ ಬಾಯಿ ಮಣ್ಣಿನ ಮಟ್ಟಕ್ಕೆ ಸರಿಯಾಗಿರಬೇಕು, ಒಂಚೂರು ಮೇಲಿದ್ದರೂ ಹುಳ ಸುತ್ತಿ ಹೋಗಿಬಿಡುತ್ತದೆ. ತಳಕ್ಕೆ ಸಣ್ಣ ತೂತು, ಮೇಲೆ ಹೆಂಚಿನ ಚೂರು. ದಿನಾ ಬೆಳಿಗ್ಗೆ ನೋಡಿ ಬಿಟ್ಟುಬಿಡುತ್ತಿದ್ದೆ.

ಮದ್ದು ಹೊಡೆದ ಕಡೆ ದೊಡ್ಡ ಕರಿ ಹುಳ ಬೀಳಲೇ ಇಲ್ಲ, ಚುರುಕಾಗಿ ಓಡುವ ಸಣ್ಣ ಜಾತಿಯೊಂದು ಮಾತ್ರ ಜಾಸ್ತಿ ಸಿಕ್ಕಿತು. ಸುಮ್ನೆ ಲೋಟ ನಂಬಬೇಡಿ. ಬೋಳು ನೆಲದಲ್ಲಿ ಹುಳಕ್ಕೆ ಓಡಾಟ ಸುಲಭ, ಹುಲ್ಲಿನಲ್ಲಿ ಕಷ್ಟ, ಹಾಗಾಗಿ ಲೆಕ್ಕ ತಪ್ಪುತ್ತದೆ. ಅದಕ್ಕೇ ಕೈಯಲ್ಲಿ ಎಲೆ ಮಗುಚಿಯೂ ನೋಡಿದೆ. ಕತ್ತರಿಸಿದ ಕಡೆ ಎಲೆಯಡಿ ತಂಪಿತ್ತು, ದೊಡ್ಡ ಹುಳಗಳೂ ಇದ್ದವು. ಮದ್ದೇ ಅವುಗಳನ್ನು ಕೊಂದಿತು ಅಂತ ನಾನು ಹೇಳುವುದಿಲ್ಲ. ಕಳೆ ಸತ್ತು ಒಣಗಿದರೆ ಅಡಗಲು ಜಾಗವಿಲ್ಲ, ತಿನ್ನಲು ಬೇಟೆಯಿಲ್ಲ, ಮಣ್ಣಿನೊಳಗಿನ ಮೆತ್ತಗಿನ ಮರಿಗಳಿಗೆ ತೇವವೂ ಇಲ್ಲ.

ಈಗ ಒಂದು ಸಾಲು ಬಿಟ್ಟು ಒಂದು ಸಾಲು ಕತ್ತರಿಸುತ್ತೇನೆ, ಉಳಿದದ್ದು ಎರಡು ಮೂರು ವಾರದ ನಂತರ. ಪಾದ ಮುಚ್ಚುವಷ್ಟು ಎತ್ತರಕ್ಕೆ ಕಳೆ ಉಳಿಸುತ್ತೇನೆ. ಗಿಡದ ಬುಡ ಮಾತ್ರ ಕೈಯಲ್ಲಿ ಚೊಕ್ಕ ಮಾಡಿಸುತ್ತೇನೆ. ಕೂಲಿ ಖರ್ಚು ಜಾಸ್ತಿಯೇ ಆಗುತ್ತದೆ.

ಕೊಯ್ಲಿನ ಹೊತ್ತಿಗೆ ಮಾತ್ರ ಕಳೆ ಪೂರ್ತಿ ತೆಗೆಯದೆ ಬೇರೆ ದಾರಿಯಿಲ್ಲ. ಉದುರಿದ ಹಣ್ಣು ಬಿಟ್ಟರೆ ಕಾಯಿಕೊರಕ ಅದರಲ್ಲೇ ಉಳಿಯುತ್ತದೆ, ಹಣ್ಣು ಹೆಕ್ಕಲು ನೆಲ ಕಾಣಬೇಕು. ಆಗ ಬೇಲಿಯಂಚು ಮತ್ತು ತೋಡಿನ ದಡ ಮುಟ್ಟಬೇಡಿ ಅಂತ ಹೇಳಿದ್ದೇನೆ, ಹುಳಗಳಿಗೆ ಅಷ್ಟಾದರೂ ಜಾಗ ಇರಲಿ.