ಎತ್ತರಿಸಿದ ಜಿಪ್ಸಿಗೆ ಬೆಲ್ಟಿನ ಮೂಗುದಾರ: ನನ್ನ ಅನುಭವ

ಮಾರುತಿ ಜಿಪ್ಸಿಯನ್ನು ಎಸ್‌ಪಿಒಎ (ಸ್ಪ್ರಿಂಗ್ ಓವರ್ ಆಕ್ಸಲ್) ಮಾಡಿಸಿ, ಬ್ಲೇಡ್ ಸೆಟ್ಟನ್ನು (ಪಟ್ಟಿ ಸ್ಪ್ರಿಂಗನ್ನು) ಹೌಸಿಂಗಿನ, ಅಂದರೆ ಎರಡು ಚಕ್ರಗಳ ನಡುವಿನ ಆಕ್ಸಲ್ ಕೊಳವೆಯ, ಮೇಲೆ ಕೂರಿಸಿ ಗಾಡಿ ಎತ್ತರಿಸಿಕೊಂಡವರೆಲ್ಲ ಸಾಮಾನ್ಯವಾಗಿ ಚಕ್ರ ಎಷ್ಟು ಕೆಳಕ್ಕೆ ಇಳಿಯುತ್ತದೆ ಎಂಬುದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೌಸಿಂಗನ್ನು ಬೆಲ್ಟಿನಿಂದ ಚಾಸಿಗೆ ಕಟ್ಟಿ ಆ ಇಳಿತವನ್ನು ಬೇಕೆಂದೇ ಕಡಿಮೆ ಮಾಡುತ್ತೇನೆ ಎಂದು ನಾನು ಹೇಳಿದಾಗ ಸಕಲೇಶಪುರದ ಕಡೆಯ ನನ್ನ ಗೆಳೆಯರು ಯಾರೂ ಒಪ್ಪಲಿಲ್ಲ. ಗಾಡಿ ನೋಡಿಕೊಳ್ಳುವ ಮೇಸ್ತ್ರಿಯಂತೂ, "ದುಡ್ಡು ಕೊಟ್ಟು ಬಿಡಿಸಿಕೊಂಡಿದ್ದನ್ನ ಮತ್ತೆ ದುಡ್ಡು ಕೊಟ್ಟು ಕಟ್ಟಿಸ್ಕೊಳ್ತೀರಾ ಸಾರ್?" ಎಂದು ಕೇಳಿಯೇಬಿಟ್ಟ. ಈಗ ಅದೇ ಮೇಸ್ತ್ರಿ ಬೇರೆಯವರ ಗಾಡಿಗಳಿಗೂ ನನ್ನ ಅಳತೆ ಹಿಡಿದು ಬೆಲ್ಟ್ ಕಟ್ಟುತ್ತಿರುವುದರಿಂದ, ಈ ಕೆಲಸ ಹೇಗಾಯಿತೆಂದು ಬರೆದಿಡುವುದು ಒಳ್ಳೆಯದೆನಿಸಿತು.

ಗಾಡಿ 1.3 ಲೀಟರಿನ ಎಂಜಿ413. ಎಸ್‌ಪಿಒಎಯಿಂದ ಸುಮಾರು 5 ಇಂಚು ಎದ್ದಿದೆ, ಟೈರು 31 ಇಂಚಿನದು. ಎತ್ತರಿಸಿದ ಮೇಲೆ ಮೊದಲು ಕೈಕೊಟ್ಟದ್ದು ಹಿಂದಿನ ಶಾಕ್ ಅಬ್ಸಾರ್ಬರ್. ಹೌಸಿಂಗ್ ಕೆಳಗಿಳಿಯುವುದನ್ನು ತಡೆಯುವ ವಸ್ತು ಅದೊಂದೇ ಆಗಿದ್ದುದರಿಂದ, ಪ್ರತಿ ಗುಂಡಿಯಲ್ಲೂ ಚಕ್ರಗಳ ಭಾರವೆಲ್ಲ ಅದರ ತುದಿಯಲ್ಲಿ ಬೋಲ್ಟ್ ಕೂರುವ ಕಣ್ಣಿಗೇ ಜಗ್ಗಿ, ಕೊನೆಗೆ ಕಣ್ಣು ಬೆಸುಗೆಯ ಜಾಗದಲ್ಲಿ ಕಿತ್ತುಬಂತು. ಜೋಡಿ ಬದಲಾಯಿಸುವುದಕ್ಕೆ ಮೂರೂವರೆ ಸಾವಿರದಷ್ಟು ಹೋಯಿತು. ಆಮೇಲೆ ಎಂಜಿನ್ನಿನ ಬಲವನ್ನು ಮುಂದಿನ ಹೌಸಿಂಗಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಸರದಿ. ಮುಂದಿನ ಎರಡು ಚಕ್ರಗಳೂ ಒಟ್ಟಿಗೆ ತೇಲುವ ದಿಬ್ಬದಲ್ಲಿ ಅದರ ಕೀಲಿನ ಕ್ರಾಸ್ ಮುರಿಯಿತು. ಬಿಚ್ಚಿ ನೋಡಿದರೆ ಶಾಫ್ಟ್ ಉದ್ದ ಗಿಡ್ಡ ಆಗಲು ಒಂದರೊಳಗೊಂದು ಜಾರುವ ಸ್ಲಿಪ್ ಜಾಯಿಂಟಿನ ಹಲ್ಲು ಒಂದು ಇಂಚಿನಷ್ಟು ಮಾತ್ರ ಒಳಗೆ ಕಚ್ಚಿಕೊಂಡಿತ್ತು. ಮುಂದಿನ ಬ್ರೇಕ್ ಹೋಸ್ ಕೂಡ ವೀಣೆಯ ತಂತಿಯಂತೆ ಬಿಗಿದು ನಿಂತಿತ್ತು. ಹೋಸ್ ಹರಿದಿದ್ದರೆ ಇಳಿಜಾರಿನಲ್ಲಿ ಏನಾಗುತ್ತಿತ್ತೆಂಬುದನ್ನು ಯೋಚಿಸಿದ ಮೇಲೆ, ಮಿತಿ ಹಾಕಲೇಬೇಕೆಂದು ನಿಶ್ಚಯಿಸಿದೆ.

ಅಳತೆಯ ಕೆಲಸವೇ ಇಲ್ಲಿ ಮುಖ್ಯ, ಬೆಲ್ಟ್ ಆಮೇಲಿನದು. ಬ್ಲೇಡ್ ಸೆಟ್ ಬಿಚ್ಚಿ ಮೇನ್ ಬ್ಲೇಡನ್ನು ಮಾತ್ರ ಉಳಿಸಿದರೆ ಹೌಸಿಂಗನ್ನು ಜ್ಯಾಕಿನಿಂದ ಮೇಲಿನ ತುದಿಯವರೆಗೂ ಕೆಳಗಿನ ತುದಿಯವರೆಗೂ ಸಲೀಸಾಗಿ ಆಡಿಸಬಹುದು. ಶಾಕ್ ಅಬ್ಸಾರ್ಬರಿನ ಬದಲಿಗೆ ಒಂದರೊಳಗೊಂದು ಜಾರುವ ಎರಡು ಪೈಪುಗಳನ್ನು ಕಟ್ಟಿ, ಒಳಪೈಪಿಗೆ ಗ್ರೀಸ್ ಸವರಿದೆ. ಎಲ್ಲಿಯವರೆಗೆ ಒರೆಸಿಹೋಗಿದೆಯೋ ಅಲ್ಲಿಯವರೆಗೆ ಚಲನೆ ಎಂದು ಕಣ್ಣಿಗೇ ಕಾಣುತ್ತದೆ. ಒಂದೊಂದೇ ಚಕ್ರ ಎತ್ತಿ, ಎರಡೂ ಒಟ್ಟಿಗೆ ಎತ್ತಿ, ಎರಡೂ ಒಟ್ಟಿಗೆ ತೂಗುಬಿಟ್ಟು, ಮುಂದೆ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ. ನೆನಪಿನಿಂದ ಹೇಳುವುದಾದರೆ, ಮುಂದಿನ ಶಾಕ್ ಪೂರ್ತಿ ತೆರೆದಾಗ ಕಣ್ಣಿನಿಂದ ಕಣ್ಣಿಗೆ 22 ಇಂಚು, ಮುಚ್ಚಿದಾಗ 13.5 ಇಂಚು. ತೆರೆಯುವಾಗ 21ಕ್ಕಿಂತ ಮೊದಲೇ ಬೆಲ್ಟ್ ಹಿಡಿಯಬೇಕು, ಮುಚ್ಚುವಾಗ 14ಕ್ಕಿಂತ ಮೊದಲೇ ಹೌಸಿಂಗ್ ಮೇಲೇರದಂತೆ ತಡೆಯುವ ರಬ್ಬರ್ ತಗಲಬೇಕು ಎಂದು ಲೆಕ್ಕ ಹಾಕಿದೆ. ಆದರೆ ಮುಂದುಗಡೆ ಶಾಕಿಗಿಂತ ಮೊದಲು ಶಾಫ್ಟಿನ ಹಲ್ಲು ಸಾಲದಾಗುತ್ತಿದ್ದುದರಿಂದ ಅಲ್ಲಿ ಮಿತಿಯನ್ನು ಶಾಫ್ಟಿಗೆ ತಕ್ಕಂತೆ ಇನ್ನೂ ಮೇಲಕ್ಕೆ ತರಬೇಕಾಯಿತು. ಒಟ್ಟು ಕತ್ತರಿಸಿದ ಇಳಿತ ಮುಂದೆ ಹೆಚ್ಚುಕಡಿಮೆ 2 ಇಂಚು.

ಯಾವುದರಿಂದ ಕಟ್ಟಬೇಕೆಂಬುದರಲ್ಲಿ ಹಣ ಸಾಕಷ್ಟು ಹೋಯಿತು. ಎಲ್ಲರೂ ಹೇಳಿದಂತೆ ಮೊದಲು 8 ಎಂಎಂ ಸರಪಳಿ ಹಾಕಿಸಿದೆ. ಸರಪಳಿ ಹಿಗ್ಗುವುದಿಲ್ಲ, ಇಳಿದ ಹೌಸಿಂಗ್ ನಿಲ್ಲುವ ಹೊಡೆತವೆಲ್ಲ ಚಾಸಿಗೆ ಬೆಸುಗೆ ಹಾಕಿದ ಪಟ್ಟಿಗೇ ಬಿದ್ದು, ಸ್ವಲ್ಪ ದಿನದಲ್ಲೇ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಸರಪಳಿ ತೆಗೆದು ವೈರ್ ರೋಪ್ ಹಾಕಿದರೆ ಕೆಸರು ಒಳಸೇರಿ, ಬಾಗುವ ಜಾಗದಲ್ಲಿ ಎಳೆ ಎಳೆಯಾಗಿ ತುಂಡಾಯಿತು. ಲಾರಿಯವರು ಸಾಮಾನು ಬಿಗಿಯುವ ಬೆಲ್ಟ್ ನೂಲಿನಲ್ಲಿ ಒಳ್ಳೆಯದೇ, ಆದರೆ ಅದರ ಕೊಕ್ಕೆ ಇಲ್ಲಿಗಲ್ಲ. ವಿದೇಶದಿಂದ ಸಿದ್ಧ ಬೆಲ್ಟ್ ತರಿಸಲು ಸಾಗಣೆ, ಸುಂಕ ಸೇರಿ ಜೋಡಿಗೆ ಐದಾರು ಸಾವಿರವಾಗುತ್ತಿತ್ತು. ಕೊನೆಗೆ ಭಾರ ಎತ್ತುವುದಕ್ಕೆ ಬಳಸುವ 50 ಎಂಎಂ ಅಗಲದ ಪಾಲಿಯೆಸ್ಟರ್ ಪಟ್ಟಿಯನ್ನು ಮೀಟರ್ ಲೆಕ್ಕದಲ್ಲಿ ಕೊಂಡು, ಹಾಸನದಲ್ಲಿ ಲಾರಿ ಟಾರ್ಪಾಲು ಹೊಲಿಯುವವರ ಹತ್ತಿರ ಎರಡು ಪದರ ಮಾಡಿಸಿ, ಎರಡೂ ತುದಿಗೆ ಬೋಲ್ಟ್ ಕೂರುವಂತೆ ಕುಣಿಕೆ ಹೊಲಿಸಿದೆ. ಒಂದಕ್ಕೆ ಮುನ್ನೂರೈವತ್ತರ ಆಸುಪಾಸು ಬಿತ್ತು. ಹೊಲಿಗೆಯ ವಿನ್ಯಾಸ ಹಲವು ಸಲ ಕಿತ್ತು, ಹೊಲಿಸಿ ಕೂಡಿಬಂದದ್ದು. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈ ಪಟ್ಟಿ ಜಗ್ಗಿದಾಗ ಅಡಿಗೆ ಮುಕ್ಕಾಲು ಇಂಚಿನಷ್ಟು ಹಿಗ್ಗುತ್ತದೆ, ಹೊಡೆತವನ್ನು ಅದೇ ನುಂಗಿಕೊಳ್ಳುತ್ತದೆ. ಆ ಹಿಗ್ಗನ್ನು ಕಳೆದೇ ಉದ್ದ ಕತ್ತರಿಸಬೇಕು. ಹೊಸ ಬೆಲ್ಟ್ ಕೆಲವು ವಾರಗಳಲ್ಲಿ ಇನ್ನೊಂದಿಷ್ಟು ಉದ್ದವಾಗಿ ಅಲ್ಲಿಗೇ ನಿಲ್ಲುವುದರಿಂದ, ಚಾಸಿಯ ಕಡೆಯ ಕಬ್ಬಿಣದ ಪಟ್ಟಿಗೆ ಮೂರು ತೂತು ಕೊರೆಸಿಟ್ಟರೆ ಬಿಗಿ ಮಾಡಿಕೊಳ್ಳಬಹುದು.

ಕಟ್ಟುವ ಜಾಗದ ವಿಷಯದಲ್ಲಿ ಅನೇಕರು ಎಡವುತ್ತಾರೆ. ಮುಂದೆ ಎರಡೂ ಬದಿಗೆ ಬೆಲ್ಟ್ ಹಾಕಿ ನೋಡಿದಾಗ, ಅಡ್ಡಡ್ಡ ಗುಂಡಿಗಳಲ್ಲಿ ಚಕ್ರ ಬೇಗನೆ ನೆಲ ಬಿಟ್ಟು ಗಾಳಿಯಲ್ಲಿ ಸುತ್ತತೊಡಗಿತು. ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿಗೆ ಜಿಪ್ಸಿಯಲ್ಲಿ ಲಾಕ್ ಇಲ್ಲವಾದ್ದರಿಂದ, ಬಲವೆಲ್ಲ ಗಾಳಿಯಲ್ಲಿರುವ ಚಕ್ರಕ್ಕೇ ಹೋಗಿ ಅಲ್ಲಿಗೆ ಗಾಡಿ ನಿಂತ ಹಾಗೆಯೇ. ಮುಂದೆ ಒಂದೇ ಬೆಲ್ಟ್ ಇದ್ದು ಅದು ಹೌಸಿಂಗಿನ ನಡುಭಾಗದಲ್ಲಿದ್ದರೆ, ಒಂದು ಚಕ್ರ ಏರಿ ಇನ್ನೊಂದು ಇಳಿಯುವುದಕ್ಕೆ ಹೆಚ್ಚು ಅಡ್ಡಿಯಿರುವುದಿಲ್ಲ, ಎರಡೂ ಒಟ್ಟಿಗೆ ತೂಗುಬೀಳುವುದು ಮಾತ್ರ ತಪ್ಪುತ್ತದೆ. ಆದರೆ ಜಿಪ್ಸಿಯಲ್ಲಿ ಡಿಫರೆನ್ಷಿಯಲ್ ನಟ್ಟನಡುವೆ ಇಲ್ಲ, ಒಂದು ಬದಿಗೆ ಸರಿದಿದೆ. ಉಳಿಸಿಕೊಳ್ಳಬೇಕಾದದ್ದು ಶಾಫ್ಟಾದ್ದರಿಂದ ಬೆಲ್ಟನ್ನೂ ಶಾಫ್ಟ್ ಬಂದು ಸೇರುವ ಪಿನಿಯನ್ ಗೇರಿನ ಹತ್ತಿರಕ್ಕೆ ಸರಿಸಿದೆ. ಆ ಬದಿಯ ಚಕ್ರದ ಇಳಿತ ಸ್ವಲ್ಪ ಕಡಿಮೆಯಾಯಿತು. ಹಲ್ಲಿನ ಕಚ್ಚಿಕೆ ಮಾತ್ರ ಎರಡು ಇಂಚಿನ ಹತ್ತಿರಕ್ಕೆ ಬಂತು. ಮೇಲ್ತುದಿಗೆ ಚಾಸಿಯ ಎರಡು ಬದಿಗಳ ನಡುವೆ, ಎಂಜಿನ್ನಿನ ಆಯಿಲ್ ಸಂಪಿಗೆ ತಗಲದಂತೆ, ಒಂದು ಅಡ್ಡ ಪೈಪನ್ನು ಬೋಲ್ಟ್ ಹಾಕಿ ಕೂರಿಸಿದೆ. ಅದರ ಪಟ್ಟಿಯನ್ನು ಯಾವ ಓರೆಯಲ್ಲಿ ಇಟ್ಟಿದ್ದೇನೆಂಬುದನ್ನು ಗಾಡಿ ನೋಡಲು ಬಂದವರಿಗೆ ಮಾತ್ರ ತೋರಿಸುತ್ತೇನೆ. ಹಿಂದೆ ಕೆಲಸ ಸುಲಭ: ಎರಡು ಬದಿಗೂ ಶಾಕಿನ ಪಕ್ಕದಲ್ಲಿ ಒಂದೊಂದು, ಶಾಕ್ ಪೂರ್ತಿ ತೆರೆಯುವುದಕ್ಕೆ ಒಂದು ಇಂಚು ಮೊದಲು ಹಿಡಿಯುವಂತೆ.

ಹೌಸಿಂಗ್ ಮೇಲೆ ಬಂದಾಗ ಬೆಲ್ಟ್ ಸಡಿಲವಾಗಿ ಜೋತು ಬೀಳುತ್ತದೆ, ಅದು ತಿರುಗುವ ಶಾಫ್ಟಿಗೆ ಸುತ್ತಿಕೊಂಡರೆ ಕಥೆ ಮುಗಿಯಿತು. ಹಳೆಯ ಟ್ಯೂಬಿನಿಂದ ಎರಡು ಬೆರಳಗಲದ ಬಳೆ ಕತ್ತರಿಸಿ ಬೆಲ್ಟಿನ ನಡುವಿಗೆ ತೊಡಿಸಿ, ಅದರ ಇನ್ನೊಂದು ತುದಿಯನ್ನು ಅಡ್ಡ ಪೈಪಿಗೆ ಸಿಕ್ಕಿಸಿದ್ದೇನೆ. ಸಡಿಲವಾದೊಡನೆ ಬೆಲ್ಟ್ ಮಡಚಿಕೊಂಡು ಶಾಫ್ಟಿನಿಂದ ದೂರ ನಿಲ್ಲುತ್ತದೆ. ಖರ್ಚೇನೂ ಇಲ್ಲದ ಈ ಉಪಾಯ ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟಿದೆ.

ಮೇಲ್ಮಿತಿಗೆ ಕಂಪನಿಯ ಬಂಪ್ ಸ್ಟಾಪ್ (ತಡೆಯ ರಬ್ಬರ್) ಇದ್ದ ಜಾಗದಿಂದ 2 ಇಂಚು ಕೆಳಗೆ ಬಾಕ್ಸ್ ಪೈಪ್ ಕೊಟ್ಟು ರಬ್ಬರ್ ಕೂರಿಸಿದೆ. ಅಷ್ಟು ಇಳಿಸದಿದ್ದರೆ ಟೈರು ಮಡ್‌ಗಾರ್ಡಿಗೆ ತಗಲುತ್ತದೆ, ಬ್ಲೇಡ್ ಹಿಮ್ಮುಖವಾಗಿ ಬಾಗಿ ಮೇನ್ ಬ್ಲೇಡೇ ಹೋಗುತ್ತದೆ. ಲಾರಿಯ ಗಟ್ಟಿ ರಬ್ಬರ್ ಬೆನ್ನಿಗೆ ಒದೆಯುತ್ತಿತ್ತು. ಹಳೆ ಟೈರಿನ ತುಂಡುಗಳನ್ನು ಜೋಡಿಸಿದ್ದು ಒಂದು ಮಳೆಗಾಲಕ್ಕೇ ಸೀಳಿತು. ಪಿಕಪ್ ಗಾಡಿಯ ಟೊಳ್ಳು ರಬ್ಬರ್ ಗುಜರಿಯಲ್ಲಿ ಸಿಕ್ಕಿ, ಅದೇ ಈಗಲೂ ಇದೆ.

ಇದರ ನಡುವೆ ಬೇರೆ ಪ್ರಯೋಗಗಳೂ ನಡೆದವು. ಹಿಂದಿನ ಸೆಟ್ಟಿನಿಂದ ಒಂದು ಬ್ಲೇಡ್ ತೆಗೆದಾಗ ಸವಾರಿ ಮೆತ್ತಗಾಯಿತು, ಆದರೆ ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟೊಡನೆ ಬ್ಲೇಡ್ ಎಸ್ ಆಕಾರಕ್ಕೆ ತಿರುಚಿ ಪಿನಿಯನ್ ಮೇಲಕ್ಕೆದ್ದು ಗಾಡಿ ಕುಪ್ಪಳಿಸತೊಡಗಿತು. ಮರುದಿನವೇ ಬ್ಲೇಡನ್ನು ವಾಪಸು ಹಾಕಿಸಿದೆ. ಇನ್ನೊಮ್ಮೆ ಮುಂದಿನ ಹೌಸಿಂಗನ್ನು ರ‍್ಯಾಚೆಟ್ ಬೆಲ್ಟಿನಿಂದ ಚಾಸಿಗೆ ಪೂರ್ತಿ ಬಿಗಿದು ಕಡಿದಾದ ಏರು ಹತ್ತಿಸಿದೆ. ಗಾಡಿ ಆಶ್ಚರ್ಯವಾಗುವಂತೆ ಹತ್ತಿತು. ಮೇಲೆ ಹೋದ ಮೇಲೆ ಇಳಿದು ಬಿಚ್ಚಬೇಕೆಂಬುದೇ ಅದರ ತೊಡಕು. ಆದರೂ ಒಂದು ಸಂಗತಿ ಖಚಿತವಾಯಿತು. ಏರಿನಲ್ಲಿ ಮುಂದಿನ ಬ್ಲೇಡುಗಳು ಬಿಚ್ಚಿಕೊಂಡಷ್ಟೂ ಬಾಡಿ ಮೇಲಕ್ಕೆದ್ದು ಭಾರ ಹಿಂದಕ್ಕೆ ಜಾರುತ್ತದೆ. ಬೆಲ್ಟ್ ಹಿಡಿದುಕೊಂಡರೆ ಹೌಸಿಂಗ್ ಮತ್ತು ಚಕ್ರಗಳ ತೂಕವೇ ಗಾಡಿಯ ಮುಂಭಾಗವನ್ನು ಕೆಳಗೆ ಜಗ್ಗಿ ಹಿಡಿಯುತ್ತದೆ. ಭಾರವಿಲ್ಲದೆ ತೂಗುವ ಚಕ್ರ ಎಷ್ಟು ಇಳಿದರೂ ಗಾಡಿಯನ್ನು ಎಳೆಯಲಾರದು.

ನಮ್ಮ ತೋಟದ ಹಳ್ಳದಿಂದ ಕಣಕ್ಕೆ ಬರುವ ಕೆಮ್ಮಣ್ಣಿನ ಏರಿನಲ್ಲಿ ಶ್ರಾವಣದ ಮಳೆಗೆ ಮೂತಿ ಎತ್ತಿ ಪಕ್ಕಕ್ಕೆ ಜಾರುತ್ತಿದ್ದ ಗಾಡಿ, ಈಗ ಲೋ ರೇಂಜಿನಲ್ಲಿ ಎರಡನೇ ಗೇರಿಗೆ ಸದ್ದಿಲ್ಲದೆ ಹತ್ತುತ್ತದೆ. ಮೊದಲು ಒಪ್ಪದೆ ಮಾತಾಡಿದ್ದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿಸಿ ತೋರಿಸಿದ್ದೇನೆ. ಹಾಳಾದದ್ದೆಲ್ಲ ಸೇರಿ ಒಂಬತ್ತು ಹತ್ತು ಸಾವಿರ ಖರ್ಚಾಗಿರಬೇಕು. ಮೊದಲೇ ನೇರವಾಗಿ ಮಾಡಿಸಿದ್ದರೆ ನಾಲ್ಕು ಸಾವಿರ ಸಾಕಾಗುತ್ತಿತ್ತು.

ಪ್ರತಿ ಮಳೆಗಾಲಕ್ಕೆ ಮುಂಚೆ ಮೂರೂ ಬೆಲ್ಟುಗಳನ್ನು ಬಿಚ್ಚಿ, ತೊಳೆದು, ಹೊಲಿಗೆಯ ಮೇಲೆ ಉಗುರು ಆಡಿಸಿ ನೋಡುತ್ತೇನೆ. ಒಂದು ಸಾಲು ಬಿಟ್ಟಿದ್ದರೂ, ಅಂಚು ಸವೆದು ನವಿರೆದ್ದಿದ್ದರೂ ಹೊಸದು ಹಾಕುತ್ತೇನೆ. ತೆಗೆದ ಬೆಲ್ಟನ್ನು ತುಂಡು ಮಾಡಿಯೇ ಎಸೆಯುತ್ತೇನೆ, ಇಲ್ಲದಿದ್ದರೆ ತೋಟದಲ್ಲಿ ಯಾರಾದರೂ ಅದನ್ನೇ ಮರ ಎಳೆಯಲು ಕಟ್ಟಿಬಿಡುತ್ತಾರೆ.