ದ್ವೀಪದ ಮನೆಗೆ ಒಂದು ಬಕೆಟ್ ಸಿಹಿನೀರು

ದ್ವೀಪದಲ್ಲಿ ಸಂಸಾರ ಹೂಡಿ ನನಗೆ ಇಪ್ಪತ್ತನಾಲ್ಕು ವರ್ಷವಾಯಿತು. ಮನೆಯವರು ಡೈವಿಂಗ್ ಕಲಿಸುತ್ತಿದ್ದರು. ನಾನು ಮನೆ ನೋಡಿಕೊಂಡೆ, ಆಮೇಲೆ ನಾನೂ ನೀರಿಗಿಳಿದೆ. ಈಗ ಹೊಸದಾಗಿ ಬಂದು ನೆಲೆಸುವ ಹುಡುಗ ಹುಡುಗಿಯರು ನಮ್ಮ ಜಗಲಿಯ ಮೇಲೆ ಕೂತು ಕೇಳುವುದು ಒಂದೇ ಮಾತು. "ಅಮ್ಮಾ, ಇಲ್ಲಿ ನಿಧಾನವಾಗಿ ಬದುಕಬಹುದು ಅಂತ ಬಂದೆವು. ನೋಡಿದರೆ ದಿನಾ ಏನಾದರೊಂದು ಕೆಟ್ಟು ಕೂತಿರುತ್ತೆ!" ಅವರ ಮಾತು ನಿಜ. ಉಪ್ಪುಗಾಳಿ ಯಾರನ್ನೂ ಸುಮ್ನೆ ಕೂರಲು ಬಿಡುವುದಿಲ್ಲ. ಇಲ್ಲಿ ಬಟ್ಟೆ ಒಣಗುವುದಕ್ಕೂ, ಬಾವಿ ತುಂಬುವುದಕ್ಕೂ, ಮುಳುಗಿ ಬಂದ ಮೈ ಸುಧಾರಿಸಿಕೊಳ್ಳುವುದಕ್ಕೂ ಅದರದ್ದೇ ಆದ ಹೊತ್ತು ಬೇಕು. ಆ ಹೊತ್ತನ್ನು ಕೊಟ್ಟುಬಿಟ್ಟರೆ ಮನೆ ತಾನಾಗಿ ಹದಕ್ಕೆ ಬರುತ್ತದೆ. ಅವಸರ ಮಾಡಿದವರಿಗೇ ಇಲ್ಲಿ ಕೆಲಸ ಜಾಸ್ತಿ.

ಮನೆಗೆ ಕಾಲಿಟ್ಟ ದಿನವೇ ಬಾಗಿಲ ಹೊರಗೆ ಒಂದು ಬಕೆಟ್ ಸಿಹಿನೀರು, ಒಂದು ಮಗ್ ಇಡಿ. ಸಮುದ್ರದಿಂದ ಬಂದದ್ದು ಯಾವುದೂ ಆ ಬಕೆಟ್ ದಾಟದೆ ಒಳಗೆ ಹೋಗಬಾರದು. ಕಾಲು, ಚಪ್ಪಲಿ, ಟವೆಲ್, ಮಕ್ಕಳು ಆರಿಸಿ ತಂದ ಸತ್ತ ಚಿಪ್ಪು, ಎಲ್ಲವೂ ಸೇರಿ.

ಪಕ್ಕದ ಮನೆಗೆ ಬಂದ ಹುಡುಗಿ ಒಮ್ಮೆ ಟವೆಲ್ ಹಿಡಿದುಕೊಂಡು ಬಂದಳು. "ಮೂರು ದಿನದಿಂದ ಬಿಸಿಲಿಗೆ ಹಾಕ್ತಿದ್ದೀನಿ ಅಮ್ಮಾ. ಮಧ್ಯಾಹ್ನ ಒಣಗಿರುತ್ತೆ, ಸಂಜೆ ಮತ್ತೆ ಒದ್ದೆ" ಅಂದಳು. ಮುಟ್ಟಿ ನೋಡಿದೆ. ನೀರು ಸುರಿಯುತ್ತಿರಲಿಲ್ಲ, ಆದರೆ ತಣ್ಣಗೆ ಅಂಟಂಟಾಗಿತ್ತು. "ಪುಟ್ಟಿ, ಅದರ ಅಂಚನ್ನು ನಾಲಿಗೆಗೆ ತಾಗಿಸು" ಅಂದೆ. ತಾಗಿಸಿದ ಕೂಡಲೇ ಅವಳಿಗೆ ಗೊತ್ತಾಯಿತು. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಆ ಉಪ್ಪು ಬಟ್ಟೆಯ ಎಳೆಯಲ್ಲೇ ಉಳಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿತು ಅಂದರೆ ಉಪ್ಪು ಗಾಳಿಯಿಂದಲೇ ನೀರು ಹೀರಿಕೊಂಡು ಕರಗತೊಡಗುತ್ತದೆ. ಕಡಲ ದಂಡೆಯಲ್ಲಿ ಹೊತ್ತು ಮುಳುಗಿದ ಮೇಲೆ ತೇವ ಸಾಮಾನ್ಯವಾಗಿ ಅದಕ್ಕಿಂತ ಮೇಲೇ ಇರುತ್ತದೆ. ಹಾಗಾಗಿ ಉಪ್ಪು ತೆಗೆಯದ ಟವೆಲ್ಲನ್ನು ಎಷ್ಟು ಬಿಸಿಲಿಗೆ ಹಾಕಿದರೂ ಅಷ್ಟೇ. ಸಿಹಿನೀರಲ್ಲಿ ಜಾಲಾಡಿಸಿ ಹಿಂಡಿ ಹಾಕಿದಳು, ಮರುದಿನ ಗರಿಗರಿಯಾಗಿತ್ತು.

ಜಾಲಾಡಿಸುವುದಕ್ಕೂ ಒಂದು ಲೆಕ್ಕವಿದೆ. ಒಂದು ಬಕೆಟ್ ತುಂಬ ನೀರಲ್ಲಿ ಒಂದು ಸಲ ಅದ್ದುವುದಕ್ಕಿಂತ, ಅದೇ ನೀರನ್ನು ಎರಡು ಪಾಲು ಮಾಡಿ ಎರಡು ಸಲ ಅದ್ದಿ ಹಿಂಡಿದರೆ ಉಪ್ಪು ಬಹಳ ಚೆನ್ನಾಗಿ ಹೋಗುತ್ತದೆ. ಸೂಕ್ಷ್ಮವಾದದ್ದು ಮೊದಲು, ಒರಟಾದದ್ದು ಕೊನೆಗೆ. ಮಾಸ್ಕ್ ಮತ್ತು ಕ್ಯಾಮೆರಾ, ಆಮೇಲೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್, ಆಮೇಲೆ ಮುಳುಗುವಾಗ ಮೈಗಂಟಿ ತೊಡುವ ವೆಟ್‌ಸೂಟ್, ಕಡೆಗೆ ಮರಳು ಹಿಡಿದ ಬೂಟು. ಉಳಿದ ನೀರಲ್ಲಿ ಮೆಟ್ಟಿಲು ತೊಳೆಯಿರಿ. ಗಿಡಕ್ಕೆ ಮಾತ್ರ ಹಾಕಬೇಡಿ, ಬೇರು ಸುಟ್ಟುಹೋಗುತ್ತದೆ.

ಇಷ್ಟು ಲೆಕ್ಕ ಯಾಕೆ ಅಂತೀರಾ? ಸಣ್ಣ ದ್ವೀಪದ ಬಾವಿ ಹೇಗೆ ಬದುಕಿದೆ ಅಂತ ತಿಳಿದರೆ ನೀವೂ ಹೀಗೇ ಲೆಕ್ಕ ಹಾಕುತ್ತೀರಿ. ಮಳೆಯ ನೀರು ಮರಳಿನೊಳಗೆ ಇಳಿದು, ಕೆಳಗಿರುವ ಉಪ್ಪುನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಲೆಂಡಿನ ಗೈಬೆನ್, ಜರ್ಮನಿಯ ಹರ್ಜ್‌ಬರ್ಗ್ ಎಂಬ ಇಬ್ಬರು ನೂರು ವರ್ಷಕ್ಕೂ ಹಿಂದೆ ಬೇರೆ ಬೇರೆಯಾಗಿ ಇದರ ಲೆಕ್ಕ ಹಾಕಿದ್ದರು. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಹಾಗಾದರೆ ಪಂಪು ಹಾಕಿ ಮೇಲಿನ ಒಂದು ಅಡಿ ಎಳೆದುಬಿಟ್ಟರೆ ಕೆಳಗಿನಿಂದ ಉಪ್ಪು ಎಷ್ಟು ಮೇಲೇರಬಹುದು, ಯೋಚನೆ ಮಾಡಿ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಮಳೆಗಾಲಗಳೇ ಬೇಕು. ಒಂದೇ ಸಲ ಟ್ಯಾಂಕ್ ತುಂಬಿಸಬೇಡಿ. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎಳೆಯಿರಿ. ಶೌಚದ ಗುಂಡಿ ಬಾವಿಯಿಂದ ಎಷ್ಟು ದೂರವಿದೆ ಅಂತ ಬಾಡಿಗೆಗೆ ಒಪ್ಪುವ ಮೊದಲೇ ನಡೆದು ನೋಡಿ. ಮರಳಲ್ಲಿ ನೀರು ಬೇಗ ಹರಿಯುತ್ತದೆ.

ಮಳೆನೀರು ಹಿಡಿಯುವುದು ಇದಕ್ಕಿಂತ ಒಳ್ಳೆಯದು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಮಾಡಿಗೆ 10 ಮಿಲಿಮೀಟರ್ ಮಳೆ ಅಂದರೆ 1000 ಲೀಟರ್. ಸೋರಿ ಚೆಲ್ಲಿ ಹೋದದ್ದು ಕಳೆದರೂ ಒಂದು ಸಂಸಾರಕ್ಕೆ ಎಷ್ಟೋ ದಿನ ಬರುತ್ತದೆ. ಮೊದಲ ಹತ್ತು ಹದಿನೈದು ನಿಮಿಷದ ಮಳೆ ಹೊರಗೆ ಹೋಗಲಿ. ಅದರಲ್ಲಿ ಮಾಡಿನ ಮೇಲೆ ಕೂತ ಉಪ್ಪು, ಹಕ್ಕಿ ಹಿಕ್ಕೆ ಎಲ್ಲ ಇರುತ್ತದೆ. ಕುಡಿಯುವುದಾದರೆ ಕುದಿಸಿಯೇ ಕುಡಿಯಿರಿ.

ಡೈವಿಂಗ್ ಸಾಮಾನಿನ ವಿಷಯದಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಲೇಬೇಕು. ಬಂದ ಮೊದಲ ವರ್ಷ. ಮನೆಯವರ ರೆಗ್ಯುಲೇಟರನ್ನು ಚೆನ್ನಾಗಿ ತೊಳೆಯಬೇಕು ಅಂತ ನೀರಲ್ಲಿ ಮುಳುಗಿಸಿ, ಬಾಯಿಗಿಡುವ ಭಾಗದ ಮೇಲಿನ ಗುಂಡಿಯನ್ನು ಒತ್ತಿ ಒತ್ತಿ ತೊಳೆದೆ. ಗಾಳಿಯ ಸಿಲಿಂಡರಿಗೆ ಜೋಡಿಸದೆ ಇರುವಾಗ ಆ ಗುಂಡಿ ಒತ್ತಿದರೆ ಒಳಗಿನ ಕವಾಟ ತೆರೆದುಕೊಂಡು ನೀರು ಕೊಳವೆಯೊಳಗೆ ನುಗ್ಗುತ್ತದೆ. ಕೆಲವು ವಾರ ಬಿಟ್ಟು ಬಿಚ್ಚಿ ನೋಡಿದರೆ ಒಳಗೆಲ್ಲ ಹಸಿರು ಕಿಲುಬು. ಉಸಿರು ಕೊಡುವ ಸಾಮಾನು ಅದು. ನನ್ನ ಕೈಕಾಲು ತಣ್ಣಗಾಯಿತು. ನೀರಿಗೆ ಹಾಕುವ ಮೊದಲು, ಸಿಲಿಂಡರಿಗೆ ಜೋಡಿಸುವ ತುದಿಯ ಪುಟ್ಟ ಮುಚ್ಚಳವನ್ನು ಬಟ್ಟೆಯಿಂದ ಒರೆಸಿ ಬಿಗಿಯಾಗಿ ಹಾಕಿ. ಗುಂಡಿಗೆ ಕೈ ಹಾಕಬೇಡಿ. ಸುಮ್ನೆ ಅರ್ಧ ಗಂಟೆ ನೆನೆಯಲು ಬಿಡಿ, ಉಪ್ಪು ತಾನಾಗಿ ಬಿಡುತ್ತದೆ. ಕೊಳವೆಯನ್ನು ಚೂಪಾಗಿ ಮಡಚದೆ ನೆರಳಲ್ಲಿ ತೂಗುಹಾಕಿ. ಗಾಳಿ ತುಂಬುವ ಜಾಕೆಟ್ಟಿನ ಒಳಗೂ ಒಂದು ಚೊಂಬು ಸಿಹಿನೀರು ಹಾಕಿ ಕುಲುಕಿ ಚೆಲ್ಲಿ. ವೆಟ್‌ಸೂಟನ್ನು ಒಳಮಗ್ಗುಲು ಹೊರಗೆ ಮಾಡಿ ದಪ್ಪ ಹ್ಯಾಂಗರಿಗೆ ಹಾಕಬೇಕು. ಬಿಸಿಲು ಅದಕ್ಕೆ ಆಗದು. ಹೊಸ ಮಾಸ್ಕಿನ ಗಾಜಿನ ಒಳಗೆ ಕಾರ್ಖಾನೆಯಿಂದ ಬಂದ ಜಿಡ್ಡಿನ ಪೊರೆ ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಉಜ್ಜಿ ತೊಳೆದರೆ ಮಂಜು ಕಟ್ಟುವುದು ಕಡಿಮೆಯಾಗುತ್ತದೆ. ಗಾಜಿಗೆ ವಿಶೇಷ ಲೇಪನ ಇದ್ದರೆ ಮಾತ್ರ ಉಜ್ಜಬೇಡಿ.

ಸಾಮಾನು ಒಣಗಲು ಬಿಟ್ಟ ಹಾಗೆ ಮೈಯನ್ನೂ ಬಿಡಬೇಕು. ನೀರೊಳಗೆ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ನೈಟ್ರೋಜನ್ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗಿ ಕೂತಿರುತ್ತದೆ. ಅದು ಹೊರಗೆ ಹೋಗುವುದು ನಿಧಾನವಾಗಿ. ಅವಸರದಲ್ಲಿ ಮೇಲೆ ಬಂದರೆ, ಅಥವಾ ಬೇಗ ವಿಮಾನ ಹತ್ತಿದರೆ, ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ ಏಳುತ್ತದೆ. ಅದಕ್ಕೇ ಮೇಲೆ ಬರುವಾಗ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವುದು. ಒಂದೇ ಸಲ ಸಾಧಾರಣವಾಗಿ ಮುಳುಗಿದ್ದರೆ ವಿಮಾನಕ್ಕೆ ಮುಂಚೆ ಕನಿಷ್ಠ 12 ಗಂಟೆ, ದಿನಾ ಮುಳುಗುತ್ತಿದ್ದರೆ ಕನಿಷ್ಠ 18 ಗಂಟೆ ಬಿಡಿ ಅಂತ ಡೈವಿಂಗ್ ವೈದ್ಯರು ಹೇಳುತ್ತಾರೆ. ನಾನು ನಮ್ಮ ಮನೆಗೆ ಬಂದವರಿಗೆಲ್ಲ ಹೇಳುವುದು, ಹೊರಡುವ ಹಿಂದಿನ ಇಡೀ ದಿನ ಖಾಲಿ ಇಡಿ ಅಂತ. ಅವತ್ತು ಸಾಮಾನು ತೊಳೆದು ಒಣಗಿಸಿ, ಚೆನ್ನಾಗಿ ನೀರು ಕುಡಿದು, ಮಧ್ಯಾಹ್ನ ಮಲಗಿ. ತೂಗುಮಂಚವನ್ನು ತೆಂಗಿನ ಮರದ ಕೆಳಗೆ ಕಟ್ಟಬೇಡಿ. ಕಾಯಿ ಬಿದ್ದು ಪೆಟ್ಟಾದವರನ್ನು ಕಂಡಿದ್ದೇನೆ.

ಕಿವಿಯ ಬಗ್ಗೆ ಮಕ್ಕಳಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ನೆಗಡಿ ಇದ್ದ ದಿನ ಮುಳುಗುವ ಮಾತೇ ಬೇಡ. ನೀರಿಂದ ಬಂದ ಮೇಲೆ ಹೊರಕಿವಿಯನ್ನು ಸಿಹಿನೀರಲ್ಲಿ ತೊಳೆದು, ತಲೆ ವಾಲಿಸಿ ನೀರು ಇಳಿಸಿ, ಟವೆಲ್ ತುದಿಯಿಂದ ಒತ್ತಿ ಒಣಗಿಸಿ. ಹತ್ತಿಕಡ್ಡಿ ಒಳಗೆ ಹಾಕಬೇಡಿ. ಗೀರಿದ ಜಾಗದಲ್ಲೇ ಸೋಂಕು ಹಿಡಿಯುವುದು.

ಹವಳ ತರಚಿದ ಗಾಯ ಸಣ್ಣದಾಗಿ ಕಂಡರೂ ಬೇಗ ಮಾಯುವುದಿಲ್ಲ. ಹವಳದ ಪುಡಿ ಒಳಗೆ ಉಳಿದಿರುತ್ತದೆ. ಸೋಪುನೀರಲ್ಲಿ ಮೆತ್ತನೆ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ, ಉರಿದರೂ ಸರಿ. ಮಾಯುವವರೆಗೆ ಸಮುದ್ರಕ್ಕೆ ಇಳಿಯಬೇಡಿ. ಮುಳ್ಳಿನ ಮೀನು ಚುಚ್ಚಿದರೆ, ಅಂದರೆ ತೊರಕೆ, ಕಲ್ಲುಮೀನು, ಲಯನ್‌ಫಿಶ್ ಇಂಥವು, ಆ ಭಾಗವನ್ನು ತಡೆಯುವಷ್ಟು ಬಿಸಿನೀರಲ್ಲಿ ಅದ್ದಿ. 45 ಡಿಗ್ರಿ ಮೀರಬಾರದು. ನೋವಾದ ಕೈಗೆ ಬಿಸಿ ತಿಳಿಯುವುದಿಲ್ಲ, ಇನ್ನೊಂದು ಕೈಯಲ್ಲಿ ಮುಟ್ಟಿ ನೋಡಿ. ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಇಡಿ, ಅಷ್ಟರಲ್ಲಿ ವೈದ್ಯರ ಬಳಿ ಹೋಗುವ ವ್ಯವಸ್ಥೆ ಆಗಲಿ. ಬಾಕ್ಸ್ ಜೆಲ್ಲಿಫಿಶ್ ಎಂಬ ವಿಷದ ಲೋಳೆಮೀನು ಕುಟುಕಿದರೆ ಮಾತ್ರ ಸಿಹಿನೀರು ಮುಟ್ಟಿಸಬೇಡಿ. ಇಷ್ಟು ಹೊತ್ತು ಸಿಹಿನೀರು ಸಿಹಿನೀರು ಅಂದ ನಾನೇ ಹೇಳುತ್ತಿದ್ದೇನೆ. ಚರ್ಮಕ್ಕೆ ಅಂಟಿದ ಸಿಡಿಯದ ವಿಷಕೋಶಗಳು ಸಿಹಿನೀರು ಬಿದ್ದರೆ ಸಿಡಿಯಬಹುದು. ಉಜ್ಜಬೇಡಿ. ಕನಿಷ್ಠ 30 ಸೆಕೆಂಡ್ ವಿನೆಗರ್ ಸುರಿದು ಕೂಡಲೇ ವೈದ್ಯರ ಸಹಾಯ ಕರೆಯಿರಿ. ಒಂದು ಬಾಟಲಿ ವಿನೆಗರ್ ಬಾಗಿಲ ಹತ್ತಿರವೇ ಇರಲಿ.

ಮನೆಯೊಳಗಿನ ಶತ್ರು ಬೂಷ್ಟು. ಕಪಾಟನ್ನು ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ದಿನಾ ಬಿಸಿಲೇರಿದ ಮೇಲೆ ಬಾಗಿಲು ತೆರೆದಿಟ್ಟು ಸಂಜೆ ಮುಚ್ಚಿ. ಚರ್ಮದ ಚಪ್ಪಲಿ, ಬೆಲ್ಟು ಇಲ್ಲಿಗೆ ತರದಿರುವುದೇ ವಾಸಿ. ಪುಸ್ತಕ, ಕಾಗದಪತ್ರ, ಕ್ಯಾಮೆರಾ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಾದ ಜೆಲ್ಲನ್ನು ಸಣ್ಣ ಕಾವಿನಲ್ಲಿ ಒಣಗಿಸಿದರೆ ಮತ್ತೆ ಬರುತ್ತದೆ. ತಿರುಪು, ಬಾಗಿಲ ಕೀಲು ಕೊಳ್ಳುವಾಗ 316 ನಂಬರಿನ ಸ್ಟೀಲ್ ಕೇಳಿ. ಅದರಲ್ಲಿ ಮಾಲಿಬ್ಡಿನಮ್ ಇರುವುದರಿಂದ 304 ನಂಬರಿನದ್ದಕ್ಕಿಂತ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ.

ದೋಣಿ ಬಂದ ದಿನವೇ ಅಂಗಡಿ ತುಂಬಿರುತ್ತದೆ, ಗಾಳಿ ಎದ್ದರೆ ವಾರವಾದರೂ ದೋಣಿ ಬರದಿರಬಹುದು. ಎರಡು ವಾರಕ್ಕೆ ಆಗುವಷ್ಟು ಧಾನ್ಯ, ಎಣ್ಣೆ, ಮಾತ್ರೆ, ಟಾರ್ಚಿನ ಸೆಲ್ಲು ಯಾವಾಗಲೂ ಇರಲಿ. ಮೀನು ತಿನ್ನುವವರಾದರೆ ಒಂದು ಮಾತು. ಹವಳದ ದಿಬ್ಬದ ದೊಡ್ಡ ಬೇಟೆಮೀನು, ಮುಖ್ಯವಾಗಿ ಬರಾಕುಡಾ, ತರಬೇಡಿ. ಪಾಚಿಯಿಂದ ಮೀನಿಗೆ, ಮೀನಿಂದ ಮೀನಿಗೆ ಸೇರುತ್ತಾ ಬಂದ ಸಿಗ್ವಾಟೆರಾ ಎಂಬ ವಿಷ ಅದರಲ್ಲಿ ಇರಬಹುದು. ಬೇಯಿಸಿದರೂ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ಗಿಳಿಮೀನನ್ನೂ ಬಿಟ್ಟುಬಿಡಿ. ಅದು ಹವಳದ ಮೇಲಿನ ಪಾಚಿ ಕೆರೆದು ತಿಂದು ಹವಳಕ್ಕೆ ಉಸಿರಾಡಲು ಜಾಗ ಮಾಡಿಕೊಡುತ್ತದೆ. ಕೆರೆದ ಕಲ್ಲು ಅದರ ಹೊಟ್ಟೆಯಲ್ಲಿ ಅರೆದು ಬಿಳಿ ಮರಳಾಗಿ ಹೊರಬರುತ್ತದೆ. ನೀವು ಕಾಲಿಡುವ ದಂಡೆಯಲ್ಲಿ ಅದರ ಪಾಲೂ ಇದೆ, ಅಲ್ವಾ?

ಸನ್‌ಸ್ಕ್ರೀನ್ ಕೊಳ್ಳುವಾಗ ಹಿಂದಿನ ಚೀಟಿ ಓದಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇದ್ದರೆ ಬೇಡ. ಹವಳದ ಹಿತಕ್ಕಾಗಿ ಹವಾಯಿಯಲ್ಲಿ ಈ ಎರಡರಲ್ಲಿ ಯಾವುದಾದರೂ ಇರುವ ಸನ್‌ಸ್ಕ್ರೀನ್ ಮಾರಾಟವನ್ನು 2018ರಲ್ಲಿ ಕಾನೂನು ಮಾಡಿ 2021ರಿಂದ ನಿಲ್ಲಿಸಿದರು. ನನ್ನ ಅನುಭವದಲ್ಲಿ ತುಂಬುತೋಳಿನ ಅಂಗಿ, ಅಗಲ ಟೋಪಿ ಎಲ್ಲಕ್ಕಿಂತ ಮೇಲು.

ಗೋಡೆಯ ಕ್ಯಾಲೆಂಡರಿನಲ್ಲಿ ಉಬ್ಬರ ಇಳಿತದ ಹೊತ್ತು ಬರೆದಿಡಿ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ. ಆ ದಿನ ದಂಡೆಯಲ್ಲಿ ಒಣಹಾಕಿದ್ದನ್ನು ಹೊತ್ತಿಗೆ ಮುಂಚೆ ಒಳಗೆ ತನ್ನಿ. ಆಮೆ ಮೊಟ್ಟೆಯಿಡುವ ಕಾಲದಲ್ಲಿ ಕತ್ತಲಾದ ಮೇಲೆ ಕಡಲ ಕಡೆಯ ದೀಪ ಆರಿಸಿಬಿಡಿ. ಮರಿಗಳು ಬೆಳಕಿನ ಕಡೆಗೆ ಹರಿಯುತ್ತವೆ, ಕತ್ತಲೆಯಿದ್ದರೆ ಅವಕ್ಕೆ ಬೆಳಗುವ ಸಮುದ್ರವೇ ದಾರಿ. ಒಂದು ಸಲ ಐದಾರು ಮರಿಗಳು ನಮ್ಮ ಜಗಲಿಯ ಬಲ್ಬಿನ ಕೆಳಗೆ ಬಂದು ಸುತ್ತುತ್ತಿದ್ದವು. ಬಲ್ಬು ಆರಿಸಿ, ಮರಳಿನ ಮೇಲೆ ಬಿಟ್ಟು, ಅವು ನೀರು ಸೇರುವವರೆಗೆ ಕತ್ತಲಲ್ಲೇ ಕೂತಿದ್ದೆವು. ಅವತ್ತಿನಿಂದ ಆ ಬಲ್ಬಿಗೆ ಕೈ ಹಾಕಿಲ್ಲ.

ಮಲಗುವ ಮೊದಲು ಬಾಗಿಲ ಬಕೆಟ್ಟಿನ ನೀರು ಚೆಲ್ಲಿ, ಹೊಸದು ತುಂಬಿ, ಮುಚ್ಚಳ ಹಾಕಿ. ಡೆಂಗಿ ಹರಡುವ ಸೊಳ್ಳೆಗೆ ತಿಳಿನೀರೇ ಇಷ್ಟ. ಅಂಗಳದಲ್ಲಿ ಮಗುಚದೆ ಬಿದ್ದ ತೆಂಗಿನ ಚಿಪ್ಪು ಇದ್ದರೆ ಅದನ್ನೂ ಬೋರಲು ಹಾಕಿ ಬನ್ನಿ.